ಒಂದೇ ಊರು ನಾಲ್ಕಾಗಿದ್ದುದನ್ನು ಸರಿಪಡಿಸಿದ್ದು

ನಮ್ಮ ವಂಶಾವಳಿಯನ್ನು ಗ್ರಾಂಪ್ಸ್ ತಂತ್ರಾಂಶದಲ್ಲಿ ದಾಖಲಿಸುವಾಗ ಹರಪನಹಳ್ಳಿ ತಾಲ್ಲೂಕಿನ ಒಂದೇ ಊರು ನಾಲ್ಕು ಬೇರೆ ಊರುಗಳಾಗಿ ಕಾಣಿಸುತ್ತಿತ್ತು. ಹಳೆಯ ಕ್ರಯಪತ್ರದಲ್ಲಿ ಜಿಲ್ಲೆ ಬಳ್ಳಾರಿ ಎಂದಿದ್ದರೆ, 1997ರ ನಂತರದ ಕಾಗದಗಳಲ್ಲಿ ದಾವಣಗೆರೆ, 2018ರ ನಂತರ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಎಂದಿದೆ.

ಎಲ್ಲಕ್ಕೂ ಇಂದಿನ ಜಿಲ್ಲೆಯನ್ನೇ ಬರೆದೆ. ಆಗ ಮದ್ರಾಸ್ ಆಡಳಿತದ ಕಾಲದ ಜನನವೊಂದು ವಿಜಯನಗರ ಜಿಲ್ಲೆಯದಾಯಿತು. ಕಾಗದದಲ್ಲಿದ್ದಂತೆಯೇ ಬರೆದಾಗ ಊರು ಮತ್ತೆ ಒಡೆಯಿತು. ಆವರಣದಲ್ಲಿ ಎರಡೂ ಹೆಸರು ಹಾಕಿದ್ದರಿಂದ ಹುಡುಕಾಟವೇ ಕೆಟ್ಟಿತು.

ಕೊನೆಗೆ ಫಲಿಸಿದ ಕ್ರಮ ಹೀಗಿದೆ. ಊರಿಗೆ ಒಂದೇ ದಾಖಲೆಯನ್ನಿಟ್ಟು, ಅಕ್ಷಾಂಶ ರೇಖಾಂಶಗಳನ್ನು ನಮೂದಿಸಿ (ಹೊಸಹಳ್ಳಿಯಂಥ ಹೆಸರಿನ ಊರುಗಳಿಗೆ ಇದು ಅನಿವಾರ್ಯ), ಉಳಿದವನ್ನು ಅದರೊಳಗೆ ವಿಲೀನಗೊಳಿಸಿದೆ. ರಾಜ್ಯ, ಜಿಲ್ಲೆ, ತಾಲ್ಲೂಕು, ಊರು ಎಂಬ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಪ್ರತ್ಯೇಕ ಸ್ಥಳಗಳನ್ನು ರಚಿಸಿ, ಪ್ರತಿಯೊಂದನ್ನೂ ಅದರ ಮೇಲಿನದಕ್ಕೆ ಜೋಡಿಸಿದೆ. ಜಿಲ್ಲೆಯ ಬದಲಾವಣೆಯನ್ನು ಊರಿಗಲ್ಲ, ತಾಲ್ಲೂಕಿಗೆ ಹಾಕಬೇಕು: ಹರಪನಹಳ್ಳಿಗೆ ನಾಲ್ಕು ಕೊಂಡಿಗಳು, ಪ್ರತಿಯೊಂದಕ್ಕೂ ಯಾವ ದಿನದಿಂದ ಯಾವ ದಿನದವರೆಗೆ ಎಂಬ ಅವಧಿ. ಬಳ್ಳಾರಿ ಜಿಲ್ಲೆಗೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್, ಅಲ್ಲಿಂದ ಮೈಸೂರು ರಾಜ್ಯ. ಕರ್ನಾಟಕ ಎಂಬುದು ಹೊಸ ಸ್ಥಳವಲ್ಲ, ಅದೇ ರಾಜ್ಯಕ್ಕೆ 1973ರ ನವೆಂಬರ್ 1ರಿಂದ ಬಂದ ಹೆಸರು. ಆದ್ದರಿಂದ ಅದನ್ನು ದಿನಾಂಕಸಹಿತ ಪರ್ಯಾಯ ಹೆಸರಾಗಿ ಸೇರಿಸಿದೆ. ಅವಧಿಯಿಲ್ಲದ ಒಂದು ಕೊಂಡಿ ಉಳಿದರೂ ತಪ್ಪು ಜಿಲ್ಲೆ ಕಾಣಿಸಬಹುದು.

ಆಮೇಲೆ ಸ್ಥಳದ ಶೀರ್ಷಿಕೆ ತಾನಾಗಿ ರಚನೆಯಾಗುವ ಆಯ್ಕೆಯನ್ನು ಆನ್ ಮಾಡಿದೆ. ಈಗ ಘಟನೆಯ ದಿನಾಂಕಕ್ಕೆ ತಕ್ಕ ಜಿಲ್ಲೆ ಮತ್ತು ರಾಜ್ಯ ಕಾಣುತ್ತವೆ. ಕಾಗದದ ಮೂಲ ಬರಹವನ್ನು, ‘ಹರ್ಪನಹಳ್ಳಿ’ಯಂಥ ಕಾಗುಣಿತವೂ ಸೇರಿದಂತೆ, ಆಧಾರದ ಟಿಪ್ಪಣಿಯಲ್ಲಿ ತಿದ್ದದೆ ಇಟ್ಟಿದ್ದೇನೆ.