ಥೈರಾಯ್ಡ್ ಇದ್ದವರು ಬಸಿರಿಗೆ ಮೂರು ತಿಂಗಳು ಮುಂಚೆ ಮಾಡಿಕೊಳ್ಳಬೇಕಾದ ತಯಾರಿ

ಗರ್ಭ ನಿಂತ ಮೊದಲ ಮೂರು ತಿಂಗಳು ಮಗುವಿನ ಮಿದುಳಿಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಬರಬೇಕು. ಮಗುವಿನ ಗ್ರಂಥಿ 12ನೇ ವಾರದ ಹೊತ್ತಿಗೆ ಕೆಲಸ ಶುರುಮಾಡುತ್ತದೆ. ಅದರ ಹಾರ್ಮೋನು ಮಗುವಿಗೆ ಸಾಲುವಷ್ಟಾಗಲು 18–20 ವಾರ ಬೇಕು. ತಾಯಿಯ ಅಗತ್ಯ ಮಾತ್ರ 4–6ನೇ ವಾರದಲ್ಲೇ, ಅಂದರೆ ಮುಟ್ಟು ನಿಂತ ಕೆಲವೇ ದಿನಗಳಲ್ಲಿ ಏರತೊಡಗುತ್ತದೆ. ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಮೂರು ತಿಂಗಳು ತುಂಬುವವರೆಗೆ ವಿಷಯ ಹೊರಗೆ ಹೇಳುವುದಿಲ್ಲ, ಡಾಕ್ಟರ ಹತ್ತಿರ ಹೋಗುವುದೂ ಆಮೇಲೆಯೇ. ಊರಿಗೆ ಹೇಳದಿದ್ದರೆ ಏನೂ ತೊಂದರೆಯಿಲ್ಲ. ಡಾಕ್ಟರಿಗೆ ಹೇಳದೆ ಕಳೆದ ಆ ಆರೇಳು ವಾರಗಳೇ ತೊಂದರೆ. ಆದ್ದರಿಂದ ಲೆಕ್ಕವೆಲ್ಲ ಬಸಿರಿಗೆ ಮೊದಲೇ ಮುಗಿದಿರಬೇಕು.

ಮೊದಲು ಟಿಎಸ್‌ಎಚ್

ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು; ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ. ಲ್ಯಾಬಿನ ವರದಿಯಲ್ಲಿ 4ರ ಆಸುಪಾಸಿನವರೆಗೂ ‘ನಾರ್ಮಲ್’ ಎಂದೇ ಅಚ್ಚಾಗಿರುತ್ತದೆ. ಥೈರಾಯ್ಡ್ ಕಡಿಮೆಯಿದ್ದು ಲೆವೋಥೈರಾಕ್ಸಿನ್ ಮಾತ್ರೆ (ಥೈರೋನಾರ್ಮ್, ಎಲ್ಟ್ರಾಕ್ಸಿನ್ ಮುಂತಾದವು) ನುಂಗುತ್ತಿದ್ದು ಮಗು ಬೇಕೆನ್ನುವವರಿಗೆ ಅದು ಸಾಲದು; 2.5ಕ್ಕಿಂತ ಕೆಳಗೆ ಇರಬೇಕು. ಡೋಸ್ ಬದಲಿಸಿದ ಮೇಲೆ ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು ಆರು ವಾರ ಬೇಕು. ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸಿದರೆ ಸಿಗುವ ಅಂಕಿ ನಂಬಲು ಬರುವುದಿಲ್ಲ. ಎರಡು ಸಲ ಡೋಸ್ ತಿದ್ದಬೇಕಾಗಿ ಬಂದರೆ ಅಲ್ಲಿಗೇ ಮೂರು ತಿಂಗಳಾಯಿತು. ಮೂರು ತಿಂಗಳು ಮುಂಚೆ ಎನ್ನುವುದು ಇದೇ ಕಾರಣಕ್ಕೆ.

ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ನುಂಗಿ. ಪ್ರತಿ ಸಲವೂ ಅದೇ ಲ್ಯಾಬು, ಬೆಳಗಿನ ಅದೇ ಹೊತ್ತು ಆದರೆ ಹೋಲಿಸುವುದು ಸುಲಭ. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಬಹಳ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಿ. ಎಷ್ಟೋ ಲ್ಯಾಬುಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಡೋಸ್ ಇಳಿಸಿಬಿಟ್ಟರೆ ಎಲ್ಲವೂ ತಿರುವುಮುರುವು.

ಆಂಟಿ ಟಿಪಿಒ (ಥೈರಾಯ್ಡ್ ಗ್ರಂಥಿಯ ವಿರುದ್ಧ ದೇಹವೇ ಮಾಡುವ ಪ್ರತಿಕಾಯದ ಪರೀಕ್ಷೆ) ಒಮ್ಮೆ ಮಾಡಿಸಿದರೆ ಸಾಕು. ಅದು ಪಾಸಿಟಿವ್ ಇದ್ದು ಟಿಎಸ್‌ಎಚ್ ಸರಿಯಿದ್ದವರಿಗೆ ಸುಮ್ಮನೆ ಮಾತ್ರೆ ಕೊಟ್ಟರೆ ಗರ್ಭ ಉಳಿಯುತ್ತದೆಯೇ ಎಂದು ಬ್ರಿಟನ್ನಿನಲ್ಲಿ ನೋಡಿದ್ದಾರೆ. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ದಿನಕ್ಕೆ 50 ಮೈಕ್ರೋಗ್ರಾಂ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ಅಂಥವರಿಗೆ ಬೇಕಾದದ್ದು ಆಗಾಗ ಟಿಎಸ್‌ಎಚ್ ನೋಡಿಕೊಳ್ಳುವುದು.

ಮಾತ್ರೆ ನುಂಗುವ ಕ್ರಮ

ಡೋಸ್ ಏರಿಸಿದರೂ ಟಿಎಸ್‌ಎಚ್ ಇಳಿಯುತ್ತಿಲ್ಲ ಎಂದರೆ ಮೊದಲು ಬೆಳಗಿನ ಕಾಫಿಯ ಹೊತ್ತು ವಿಚಾರಿಸಬೇಕು. ಮಾತ್ರೆ ಬರಿಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಕಾಫಿಗೆ 30ರಿಂದ 60 ನಿಮಿಷ ಕಾಯಬೇಕು, ಪೂರ್ತಿ ಒಂದು ಗಂಟೆಯಾದರೆ ಒಳ್ಳೆಯದು. ಹಾಲು ಹಾಕಿದ ಕಷಾಯಕ್ಕೂ ಇದೇ ನಿಯಮ. ಐದೂವರೆಗೆ ಎದ್ದು ಮಾತ್ರೆ ನುಂಗಿ, ಅಂಗಳ, ಕೊಟ್ಟಿಗೆ ಕೆಲಸ ಮುಗಿಸಿ ಆರೂವರೆಗೆ ಕಾಫಿ ಕುಡಿದರೆ ಸರಿಹೋಗುತ್ತದೆ. ಎದ್ದ ತಕ್ಷಣ ಕಾಫಿ ಬಿಡಲಾಗದವರು ರಾತ್ರಿ ಊಟವಾಗಿ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ನುಂಗಬಹುದು. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ.

ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಇದಕ್ಕಿಂತ ದೊಡ್ಡ ಅಡ್ಡಿ. ಹೊಟ್ಟೆಯಲ್ಲೇ ಥೈರಾಯ್ಡ್ ಮಾತ್ರೆಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತವೆ. ನಡುವೆ ನಾಲ್ಕು ಗಂಟೆ ಅಂತರ ಬೇಕು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಳ್ಳಿ. ಥೈರಾಯ್ಡ್ ಮಾತ್ರೆ ರಾತ್ರಿಗಿದ್ದರೂ ಆ ಹೊತ್ತು ಹೊಂದುತ್ತದೆ. ಬೆಳಿಗ್ಗೆ ಎಲ್ಲವನ್ನೂ ಒಟ್ಟಿಗೆ ಅಂಗೈಗೆ ಹಾಕಿಕೊಂಡು ನುಂಗಿಬಿಡುವ ಅಭ್ಯಾಸವೇ ಎಷ್ಟೋ ಜನರ ಟಿಎಸ್‌ಎಚ್ ಕೆಡಿಸಿರುತ್ತದೆ.

ಇನ್ನು ನಮ್ಮ ಮಳೆಗಾಲ. ಆಗುಂಬೆ, ಹೊಸನಗರ ಕಡೆಯ ಶೀತಕ್ಕೆ ಗೋಡೆಯೇ ಬೆವರುತ್ತದೆ. ಈ ಮಾತ್ರೆ ತೇವ, ಬಿಸಿ, ಬೆಳಕು ಮೂರಕ್ಕೂ ಸೋಲುತ್ತದೆ. ಬಚ್ಚಲ ಗೂಡು, ಒಲೆಯ ಮೇಲಿನ ಶೆಲ್ಫು ಬೇಡ. ಮೂಲ ಬಾಟಲಿಯಲ್ಲೇ, ಒಳಗಿನ ತೇವ ಹೀರುವ ಪೊಟ್ಟಣ ತೆಗೆಯದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಮಲಗುವ ಕೋಣೆಯ ಬೀರುವಿನಲ್ಲಿಡಿ. ಮೆತ್ತಗಾದ, ಬಣ್ಣ ಮಾಸಿದ ಮಾತ್ರೆ ನುಂಗಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಟೆಗೆ ಹೋಗುವುದು ನೆಚ್ಚಿಕೆಯಿಲ್ಲದ ಕೆಲಸ, ಒಂದು ತಿಂಗಳ ಮಾತ್ರೆ ಹೆಚ್ಚೇ ಇರಲಿ. ಮೆಡಿಕಲ್ಲಿನಲ್ಲಿ ಬೇರೆ ಕಂಪನಿಯದು ಕೊಟ್ಟರೆ ಡಾಕ್ಟರಿಗೆ ತಿಳಿಸಿ, ಆರು ವಾರಕ್ಕೆ ಟಿಎಸ್‌ಎಚ್ ಮಾಡಿಸಿ.

ಉಪ್ಪು, ಕಳಲೆ

ಅಡುಗೆಗೆ ಅಯೋಡಿನ್ ಇರುವ ಪುಡಿ ಉಪ್ಪೇ ಬಳಸಿ. ಅಪ್ಪೆಮಿಡಿಗೆ ಹಾಕುವ ಕಲ್ಲುಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ, ಗುಲಾಬಿ ಬಣ್ಣದ ದುಬಾರಿ ಉಪ್ಪೂ ಅಷ್ಟೆ. ಉಪ್ಪಿನಕಾಯಿಗೆ ಅದು ಇರಲಿ, ದಿನದ ಸಾರಿಗೆ ಬೇಡ. ಕಳಲೆಯಲ್ಲಿ ಥೈರಾಯ್ಡಿಗೆ ಅಡ್ಡಿಯಾಗುವ ಅಂಶವಿದೆ. ಹೆಚ್ಚಿ ಮೂರು ದಿನ ನೆನೆಸಿ, ದಿನವೂ ನೀರು ಚೆಲ್ಲುವ ನಮ್ಮ ಹಿರಿಯರ ಪದ್ಧತಿಯಲ್ಲಿ ಅದು ಬಹಳಷ್ಟು ಇಳಿಯುತ್ತದೆ. ಸೀಸನ್ನಿನಲ್ಲಿ ಒಂದೆರಡು ಸಲ ತಿಂದರೆ ಚಿಂತೆಯಿಲ್ಲ. ಬೇಯಿಸಿದ ಎಲೆಕೋಸನ್ನು ಬಿಡಬೇಕಾಗಿಯೇ ಇಲ್ಲ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಈಗಲೇ ಶುರುಮಾಡಿ.

ಥೈರಾಯ್ಡ್ ಹೆಚ್ಚಿರುವವರು

ಇವರ ದಾರಿ ಬೇರೆ. ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ನುಂಗುವವರು ಡಾಕ್ಟರನ್ನು ಕಾಣುವ ತನಕ ಗರ್ಭ ತಡೆಯುವ ಕ್ರಮ ಬಿಡಬಾರದು. ಈ ಮಾತ್ರೆಗಳಿಂದ ಮಗುವಿಗೆ ಅಂಗದೋಷದ ಅಪಾಯ 6ರಿಂದ 10ನೇ ವಾರದಲ್ಲಿ ಹೆಚ್ಚು. ಅದಕ್ಕೆ ಮೊದಲೇ ಪಿಟಿಯು ಎಂಬ ಇನ್ನೊಂದು ಮಾತ್ರೆಗೆ ಬದಲಿಸುವುದೋ, ಬೇರೆ ಚಿಕಿತ್ಸೆಯೋ ತೀರ್ಮಾನವಾಗಿರಬೇಕು. ಆಕಸ್ಮಿಕವಾಗಿ ಮುಟ್ಟು ತಪ್ಪಿದರೆ ಅಂದೇ ಫೋನ್ ಮಾಡಿ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ರೇಡಿಯೋ ಅಯೋಡಿನ್ ಚಿಕಿತ್ಸೆ ಕೊಡಿಸಿದ್ದರೆ ಬಸಿರಿಗೆ ಆರು ತಿಂಗಳು ಕಾಯಬೇಕು. ಹಿಂದೆ ಗ್ರೇವ್ಸ್ ಕಾಯಿಲೆಯಿದ್ದು (ದೇಹದ ಪ್ರತಿಕಾಯಗಳೇ ಥೈರಾಯ್ಡ್ ಹೆಚ್ಚಿಸುವ ಕಾಯಿಲೆ) ಈಗ ಲೆವೋಥೈರಾಕ್ಸಿನ್ ಮೇಲಿರುವವರೂ ಅದನ್ನು ಮುಚ್ಚಿಡದೆ ಹೇಳಬೇಕು. ಗ್ರಂಥಿ ತೆಗೆದ ಮೇಲೂ ಅದರ ಪ್ರತಿಕಾಯಗಳು ರಕ್ತದಲ್ಲಿದ್ದು ಮಗುವಿಗೆ ದಾಟಬಲ್ಲವು.

ದಿನಗಳ ಲೆಕ್ಕ

ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನದ ಚಕ್ರವಾದರೆ 14ನೇ ದಿನ, 34 ದಿನದ್ದಾದರೆ 20ನೇ ದಿನ. ಆ ದಿನ ಮತ್ತು ಹಿಂದಿನ ಐದು ದಿನ ಮುಖ್ಯ. ದಿನ ಬಿಟ್ಟು ದಿನ ಸೇರಿದರೆ ಸಾಕು. ಟಿಎಸ್‌ಎಚ್ ಏರಿದ್ದರೆ ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ಕೂಡ ಏರಿ ಅಂಡ ಬಿಡುಗಡೆಯೇ ತಪ್ಪಬಹುದು, ಆಗ ಈ ಲೆಕ್ಕ ಹಿಡಿಯುವುದಿಲ್ಲ. ಟಿಎಸ್‌ಎಚ್ ಸರಿಯಾದ ಮೇಲೆ 35ರೊಳಗಿನವರು ಒಂದು ವರ್ಷ, ಮೀರಿದವರು ಆರು ತಿಂಗಳು ನೋಡಿ. ಮುಟ್ಟು ಆಗಲೂ ಸರಿಹೋಗದಿದ್ದರೆ ಅಷ್ಟೂ ಕಾಯಬೇಡಿ. ಗಂಡನ ಪರೀಕ್ಷೆಯೂ ಜೊತೆಯಲ್ಲೇ ಆಗಲಿ.

ಎರಡು ಗೆರೆ ಬಂದ ದಿನ

ಮುಟ್ಟು ಒಂದೇ ದಿನ ತಡವಾದರೂ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಹಾಕಿ. ಎರಡು ಗೆರೆ ಬಂದರೆ ಲೆವೋಥೈರಾಕ್ಸಿನ್ ಅನ್ನು 20–30 ಶೇಕಡಾ ಏರಿಸುವುದು ರೂಢಿ: ವಾರಕ್ಕೆ 7 ಮಾತ್ರೆಯ ಬದಲು 9, ಎಂದರೆ ಸೋಮವಾರ ಮತ್ತು ಗುರುವಾರ ಎರಡೆರಡು. ನಿಮಗೆ ಇದು ಹೊಂದುತ್ತದೆಯೇ ಎಂದು ಡಾಕ್ಟರನ್ನು ಮುಂಚೆಯೇ ಕೇಳಿ, ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ. ರಸ್ತೆ ಕಟ್ಟಿದ, ನೆಟ್‌ವರ್ಕ್ ಹೋದ ಜುಲೈ ತಿಂಗಳಲ್ಲಿ ಆ ಚೀಟಿಯೇ ಆಸರೆ. ಅದೇ ವಾರ ಟಿಎಸ್‌ಎಚ್ ಕೊಡಿ. ಆಮೇಲೆ 20 ವಾರದವರೆಗೆ ನಾಲ್ಕು ವಾರಕ್ಕೊಮ್ಮೆ, 30ನೇ ವಾರದ ಹೊತ್ತಿಗೆ ಮತ್ತೊಮ್ಮೆ. ತಾಯಿ ಕಾರ್ಡ್ ಮಾಡಿಸುವಾಗಲೂ ಥೈರಾಯ್ಡ್ ಇರುವುದನ್ನೂ ಡೋಸನ್ನೂ ಬರೆಸಿ.

ಮೊದಲ ಮೂರು ತಿಂಗಳಲ್ಲಿ ಗರ್ಭದ ಎಚ್‌ಸಿಜಿ ಹಾರ್ಮೋನು ಥೈರಾಯ್ಡ್ ಗ್ರಂಥಿಯನ್ನೂ ಪ್ರಚೋದಿಸುವುದರಿಂದ ಟಿಎಸ್‌ಎಚ್ ಸ್ವಲ್ಪ ಇಳಿಯುವುದು ಸಹಜ. 0.3 ಕಂಡ ಕೂಡಲೇ ಹೆದರಿ ಮಾತ್ರೆ ಬಿಡಬೇಡಿ, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಮಟ್ಟ) ಜೊತೆಗಿಟ್ಟು ಡಾಕ್ಟರು ನೋಡಲಿ.

ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಬಸಿರಿಗೆ ಮುಂಚಿನ ಡೋಸಿಗೇ ಮರಳುತ್ತಾರೆ. ಬಾಣಂತಿ ಮನೆಯಲ್ಲಿದ್ದರೂ ಆರನೇ ವಾರಕ್ಕೆ ಟಿಎಸ್‌ಎಚ್ ತಪ್ಪಿಸಬೇಡಿ. ಎದೆಹಾಲು ಕುಡಿಸುವಾಗ ಲೆವೋಥೈರಾಕ್ಸಿನ್ ನಿಲ್ಲಿಸುವ ಅಗತ್ಯವಿಲ್ಲ.