ವಾರಕ್ಕೆ ಆರು ಪುಟದ ಜಡ್ಜ್ ಡ್ರೆಡ್: ನಾನು ಓದಿದ ಬಗೆ

ಬ್ರಿಟನ್ನಿನ ಕಾಮಿಕ್ಸ್ ಸರಣಿ ‘ಜಡ್ಜ್ ಡ್ರೆಡ್’ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ಹಳೇ ಅಭಿಮಾನಿಗಳು ಹೆಚ್ಚಾಗಿ ತೋರಿಸುವುದು ‘ಅಮೆರಿಕ’ ಕಥೆಯನ್ನು. 1990ರಲ್ಲಿ ಜಾನ್ ವ್ಯಾಗ್ನರ್ ಬರೆದು ಕಾಲಿನ್ ಮ್ಯಾಕ್‌ನೀಲ್ ಚಿತ್ರ ಬಿಡಿಸಿದ ಕಥೆ ಅದು. ಬಲು ಒಳ್ಳೆಯ ಕಥೆ, ಅದರಲ್ಲಿ ತಕರಾರಿಲ್ಲ. ಆದರೆ ಮೊದಲೇ ಓದಬೇಡಿ. ಅದು ತಾಗಬೇಕಾದರೆ ಅಷ್ಟು ಹೊತ್ತಿಗೆ ಸರಣಿಯ ನಾಯಕ ಡ್ರೆಡ್ ನಿಮಗೆ ಇಷ್ಟವಾಗಿರಬೇಕು.

ನಾನು ಹಿಡಿದದ್ದು ‘ಕಂಪ್ಲೀಟ್ ಕೇಸ್ ಫೈಲ್ಸ್’ ಸಂಪುಟಗಳನ್ನು. ‘2000 ಎಡಿ’ ಎಂಬ ಕಾಮಿಕ್ಸ್ ವಾರಪತ್ರಿಕೆ ಬ್ರಿಟನ್ನಿನಲ್ಲಿ ಹೊರಟದ್ದು 1977ರ ಫೆಬ್ರವರಿಯಲ್ಲಿ. ಡ್ರೆಡ್ ಕಾಣಿಸಿಕೊಂಡದ್ದು ಎರಡನೇ ಸಂಚಿಕೆಯಲ್ಲಿ. ಅಲ್ಲಿಂದಾಚೆಗಿನ ಕಂತುಗಳು ಈ ಸಂಪುಟಗಳಲ್ಲಿ ಸಾಲಾಗಿ ಸಿಗುತ್ತವೆ. ಮೊದಲನೆಯದು ಏರುಪೇರು, ರೋಬೋಟ್‌ಗಳ ದಂಗೆ ಬಿಟ್ಟರೆ ನೆನಪಿನಲ್ಲಿ ಉಳಿಯುವುದು ಕಡಿಮೆ. ಎರಡನೆಯದರಲ್ಲಿ ‘ಕರ್ಸ್ಡ್ ಅರ್ತ್’ ಎಂಬ ಕಥೆ ಇದೆ. ಬರ್ಗರ್ ಕಂಪನಿಗಳನ್ನು ಗೇಲಿ ಮಾಡಿದ ಅದರ ಕೆಲವು ಕಂತುಗಳನ್ನು ಕೋರ್ಟಿನ ಭಯಕ್ಕೆ ದಶಕಗಳ ಕಾಲ ಮರುಮುದ್ರಿಸಲೇ ಇಲ್ಲ. ಪೂರ್ತಿ ಆವೃತ್ತಿ ಬಂದದ್ದು 2016ರಲ್ಲಿ. ಹಳೆಯ ಪ್ರತಿ ಕೊಳ್ಳುವವರು ನೋಡಿ ಕೊಳ್ಳಿ.

ದಿನಕ್ಕೆ ಒಂದೇ ಕಂತು ಎಂದು ನಾನು ಕಟ್ಟು ಹಾಕಿಕೊಂಡೆ. ಒಂದು ಕಂತೆಂದರೆ ಐದಾರು ಪುಟ. ಅಷ್ಟರಲ್ಲೇ ಒಂದು ಅಪರಾಧ, ಒಂದು ಕುಹಕ, ಒಂದು ಶಿಕ್ಷೆ, ಮುಂದಿನ ವಾರಕ್ಕೊಂದು ಕೊಕ್ಕೆ ಎಲ್ಲ ಮುಗಿಯಬೇಕು. ಇಪ್ಪತ್ತು ಕಂತು ಒಟ್ಟಿಗೆ ಓದಿದರೆ ಉಪ್ಪಿನಕಾಯಿಯನ್ನೇ ಊಟ ಮಾಡಿದ ಹಾಗೆ. ಒಂದರ ಖಾರಕ್ಕೆ ಇನ್ನೊಂದರ ರುಚಿ ಸತ್ತುಹೋಗುತ್ತದೆ.

ಹೀಗೆ ನಿಧಾನಕ್ಕೆ ಓದಿದ್ದರಿಂದ ಸಿಕ್ಕ ದೊಡ್ಡ ಲಾಭ ಕಾಲದ್ದು. ಈ ಸರಣಿಯಲ್ಲಿ ನಮ್ಮ ಒಂದು ವರ್ಷ ಕಳೆದರೆ ಅಲ್ಲೂ ಒಂದು ವರ್ಷ ಕಳೆಯುತ್ತದೆ. ಕಥೆ ನಮಗಿಂತ 122 ವರ್ಷ ಮುಂದಿದೆ: 1977ಕ್ಕೆ 2099. ಸೂಪರ್‌ಮ್ಯಾನ್‌ನಂತೆ ವಯಸ್ಸು ನಿಂತುಹೋದ ನಾಯಕನಲ್ಲ ಇವನು. ಐದನೇ ಸಂಪುಟದಲ್ಲಿ ‘ಅಪಾಕಲಿಪ್ಸ್ ವಾರ್’ ಬರುತ್ತದೆ (1982). ಸೋವಿಯತ್ ಮಹಾನಗರವೊಂದು ಡ್ರೆಡ್‌ನ ಊರಾದ ಮೆಗಾಸಿಟಿ ಒನ್ ಮೇಲೆ ಬಿದ್ದು ಅರ್ಧದಷ್ಟು ಜನರನ್ನು ಕೊಲ್ಲುತ್ತದೆ. ಉತ್ತರವಾಗಿ ಡ್ರೆಡ್ ತನ್ನ ಕೈಯಾರೆ ಗುಂಡಿ ಒತ್ತಿ ಐವತ್ತು ಕೋಟಿ ಜನರಿದ್ದ ಆ ಶತ್ರು ನಗರವನ್ನೇ ಇಲ್ಲವಾಗಿಸುತ್ತಾನೆ. ಅದರ ಚಿತ್ರಗಳನ್ನು ಪೂರ್ತಿ ಬಿಡಿಸಿದ್ದು ಕಾರ್ಲೋಸ್ ಎಜ್‌ಕೆರಾ ಅವರ ಕುಂಚ. ಡ್ರೆಡ್‌ನ ರೂಪ ಕಲ್ಪಿಸಿದವರೂ ಅವರೇ. ಫ್ರಾಂಕೋನ ಸ್ಪೇನಿನಲ್ಲಿ ಬೆಳೆದವರು. ಭುಜದ ಮೇಲಿನ ಹದ್ದು, ಮುಖ ಮುಚ್ಚಿದ ಹೆಲ್ಮೆಟ್ ನೋಡುವಾಗ ಅದು ನೆನಪಿರಲಿ. ಅವರ ಆ ದಪ್ಪ, ಗರಗಸದಂಥ ಹೊರಗೆರೆಗೆ ನಾನು ಮೊದಲು ಒಗ್ಗಿಕೊಳ್ಳಲಿಲ್ಲ, ಸರಣಿಯ ಇನ್ನೊಬ್ಬ ಚಿತ್ರಕಾರ ಬ್ರಯಾನ್ ಬೋಲಂಡ್‌ರ ನಯವಾದ ಪುಟಗಳೇ ಬೇಕೆನ್ನಿಸುತ್ತಿತ್ತು. ಈಗ ಕೇಳಿದರೆ ಬೋಲಂಡ್ ಗೋಡೆಗೆ ಹಾಕಲು, ಎಜ್‌ಕೆರಾ ಓದಲು.

ಆ ಗುಂಡಿಯ ಸಾಲ ತೀರಿದ್ದು 2011–12ರ ‘ಡೇ ಆಫ್ ಕೇಯಾಸ್’ನಲ್ಲಿ. ನಾಶವಾದ ನಗರದ ಅಳಿದುಳಿದವರು ರೋಗಾಣು ಬಿಟ್ಟು ಸೇಡು ತೀರಿಸಿಕೊಳ್ಳುತ್ತಾರೆ, ಮೆಗಾಸಿಟಿ ಒನ್‌ನ ನಲವತ್ತು ಕೋಟಿಯಲ್ಲಿ ಉಳಿಯುವವರು ಐದು ಕೋಟಿ. ಎರಡೂ ಕಥೆಗಳ ನಡುವೆ ಪಾತ್ರಗಳಿಗೂ ಮೂವತ್ತು ವರ್ಷ, ಪತ್ರಿಕೆಗೂ ಮೂವತ್ತು ವರ್ಷ. ಎರಡರಲ್ಲೂ ವ್ಯಾಗ್ನರ್ ಕೈಯಿದೆ.

ಇನ್ನು ‘ಅಮೆರಿಕ’ಕ್ಕೆ ಬರೋಣ. ಪೊಲೀಸ್, ನ್ಯಾಯಾಧೀಶ, ಗಲ್ಲಿಗೇರಿಸುವವ ಎಲ್ಲ ತಾನೇ ಆದ ಈ ಮನುಷ್ಯ ಸರ್ವಾಧಿಕಾರದ ಆಳು ಎನ್ನುವುದು ಮೊದಲ ಪುಟದಿಂದಲೂ ಕಣ್ಣೆದುರೇ ಇರುತ್ತದೆ. ಆದರೂ ಊರಿನ ಮಂದಿ ಎಷ್ಟು ಪೆಕರರೆಂದರೆ, ಕಳ್ಳಕಾಕರು ಎಷ್ಟು ಭೀಕರರೆಂದರೆ, ನಾವು ನಗುತ್ತ ಅವನ ಪಕ್ಷ ಸೇರಿರುತ್ತೇವೆ. 1986ರಲ್ಲಿ ‘ಲೆಟರ್ ಫ್ರಮ್ ಎ ಡೆಮಾಕ್ರಟ್’ ಎಂಬ ಪುಟ್ಟ ಕಂತು ಬಂತು: ಮತದಾನದ ಹಕ್ಕು ಕೇಳಿ ಟಿವಿ ಕೇಂದ್ರಕ್ಕೆ ನುಗ್ಗುವ ಗೃಹಿಣಿಯೊಬ್ಬಳು ಗಂಡನಿಗೆ ಬರೆದ ಪತ್ರ. ನಗು ನಿಲ್ಲುವುದು ಅಲ್ಲಿ. ಮರುವರ್ಷದ ‘ರೆವಲ್ಯೂಷನ್’ನಲ್ಲಿ ಪ್ರಜಾಪ್ರಭುತ್ವದ ಮೆರವಣಿಗೆಯನ್ನು ಊರನ್ನು ಆಳುವ ಜಡ್ಜ್‌ಗಳು ಕುತಂತ್ರದಿಂದ ಒಡೆಯುತ್ತಾರೆ. ಇವೆರಡನ್ನೂ ಜೀರ್ಣಿಸಿಕೊಂಡು ‘ಅಮೆರಿಕ’ಕ್ಕೆ ಬನ್ನಿ. ವಲಸೆ ಬಂದವರ ಮಗಳು ಅಮೆರಿಕ ಹಾರಾ, ಅವಳನ್ನು ಚಿಕ್ಕಂದಿನಿಂದ ಪ್ರೀತಿಸಿದ ಹಾಡುಗಾರ, ಸ್ವಾತಂತ್ರ್ಯ ದೇವತೆಗಿಂತ ಎತ್ತರ ನಿಂತ ಜಡ್ಜ್‌ನ ಪ್ರತಿಮೆ. ಡ್ರೆಡ್ ಅದರಲ್ಲಿ ಬದಲಾಗಿಯೇ ಇಲ್ಲ. ಇಷ್ಟು ಸಂಪುಟ ಅವನ ಬೆನ್ನು ತಟ್ಟಿದ ಓದುಗನಿಗೆ ಮುಜುಗರ ಹುಟ್ಟುವುದು ಅದಕ್ಕೇ.

1991ರಲ್ಲಿ, ಗಾರ್ತ್ ಎನ್ನಿಸ್ ಬರೆಯುತ್ತಿದ್ದಾಗ, ಜಡ್ಜ್‌ಗಳ ಆಳ್ವಿಕೆಯೋ ಪ್ರಜಾಪ್ರಭುತ್ವವೋ ಎಂದು ಕೇಳುವ ಜನಮತಗಣನೆಯೂ ನಡೆಯುತ್ತದೆ. ನಡೆಯಲೇಬೇಕೆಂದು ಹಟ ಹಿಡಿದವನು ಡ್ರೆಡ್. ಜನ ಮತ ಹಾಕಿದ್ದು ಜಡ್ಜ್‌ಗಳಿಗೇ.