ಉದ್ದದ ಕನ್ನಡ ಪಠ್ಯವನ್ನು ಆ್ಯಪ್ ಓದದಿದ್ದಾಗ

ಬ್ಯಾಡಗಿ ಮೆಣಸಿನಕಾಯಿಯ ಧಾರಣೆಯನ್ನೂ ಬೆಳೆ ಸಲಹೆಗಳನ್ನೂ ಓದಿ ಹೇಳಲೆಂದು ಹಾವೇರಿ ಜಿಲ್ಲೆಯ ರೈತರಿಗಾಗಿ ಸಿದ್ಧಪಡಿಸಿದ ನಮ್ಮ ಆ್ಯಪ್‌ಗೆ ಪಠ್ಯವನ್ನು ಧ್ವನಿಯಾಗಿಸುವ ಕ್ಲೌಡ್ ಸೇವೆಯನ್ನು ಜೋಡಿಸಿದಾಗ, ಧಾರಣೆಯ ಚಿಕ್ಕ ಸಾಲುಗಳು ಸ್ಪಷ್ಟವಾಗಿ ಕೇಳಿಸಿದರೂ ಉದ್ದದ ಸಲಹೆಗಳಿಗೆ ದೋಷದ ಸಂದೇಶವಷ್ಟೇ ಬರುತ್ತಿತ್ತು. ಅಷ್ಟೇ ಉದ್ದದ ಇಂಗ್ಲಿಷ್ ಪಠ್ಯವನ್ನು ಅದೇ ಸೇವೆ ನಿರಾತಂಕವಾಗಿ ಓದುತ್ತಿದ್ದುದೇ ಸುಳಿವಾಯಿತು. ಒಂದು ಕೋರಿಕೆಗೆ 5000 ಎಂಬ ಮಿತಿಯಿದ್ದುದು ಅಕ್ಷರಗಳಿಗಲ್ಲ, ಕಂಪ್ಯೂಟರ್ ಮಾಹಿತಿಯನ್ನು ಅಳೆಯುವ ಬೈಟ್‌ಗಳಿಗೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ಯುಟಿಎಫ್-8 ವಿಧಾನದಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕು; ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷಿ’ಯಲ್ಲಿ ಕಕಾರ, ಹಲಂತ ಚಿಹ್ನೆ, ಷಕಾರ, ಗುಣಿತ ಚಿಹ್ನೆಗಳು ಸೇರಿ 12 ಬೈಟ್‌ಗಳಾಗುತ್ತವೆ.

ಆದ್ದರಿಂದ ಪಠ್ಯವನ್ನು ವಾಕ್ಯಗಳಾಗಿ ಬಿಡಿಸಿ, ಅವುಗಳ ಬೈಟ್‌ಗಳನ್ನು ಎಣಿಸುತ್ತ, ಮೊತ್ತ 4500 ದಾಟುವ ಮೊದಲೇ ಹೊಸ ತುಂಡನ್ನು ಆರಂಭಿಸುವ ವ್ಯವಸ್ಥೆಯನ್ನು ಸರ್ವರಿನಲ್ಲಿ ಅಳವಡಿಸಿದೆ. ಬೈಟ್ ಲೆಕ್ಕದಲ್ಲೇ ನೇರವಾಗಿ ಕತ್ತರಿಸಿದರೆ ಅಕ್ಷರವೇ ಒಡೆಯುವುದರಿಂದ ಆ ದಾರಿ ಸಲ್ಲದು. ‘ರೂ.’ ಎಂಬಲ್ಲಿನ ಚುಕ್ಕಿಯನ್ನು ವಾಕ್ಯದ ಕೊನೆಯೆಂದು ಗ್ರಹಿಸದಿರಲು ಅದನ್ನು ಮೊದಲೇ ‘ರೂಪಾಯಿ’ ಎಂದು ಬದಲಿಸಬೇಕಾಯಿತು. ಧಾರಣೆಯ ಆ್ಯಪ್‌ಗೆ ಇದು ಸಣ್ಣ ವಿಷಯವೇನಲ್ಲ. ಸೇವೆಯನ್ನು ಬಳಸಲು ಬೇಕಾದ ಗುಪ್ತ ಕೀಲಿಯೂ ಸರ್ವರಿನಲ್ಲೇ ಉಳಿಯುತ್ತದೆ. ಒಮ್ಮೆ ತಯಾರಾದ ಎಂಪಿ3 ಕಡತವನ್ನು ಅಲ್ಲಿಯೇ ಉಳಿಸಿಡುವುದರಿಂದ, ಒಂದೇ ಸಲಹೆಯನ್ನು ಎಷ್ಟು ರೈತರು ಕೇಳಿದರೂ ಶುಲ್ಕ ಒಮ್ಮೆ ಮಾತ್ರ ಬೀಳುತ್ತದೆ.